ಫಿಲ್ಮಿನ ಅಂಚಿನಲ್ಲಿದ್ದ ಪಿಟೀಲು

ಅವಳನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಸ್ವಂತ ತಮ್ಮ. ಚಿಕ್ಕಂದಿನಲ್ಲಿ ಅವನು ಪಿಟೀಲು ಅಭ್ಯಾಸಕ್ಕೆ ಕೂತರೆ ಇವಳು ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತ ಕೂರುತ್ತಿದ್ದಳು. ಸ್ವರ ಏರಿದರೆ ಗೆರೆಯೂ ಏರಬೇಕು, ಸ್ವರ ನಡುಗಿದರೆ ಗೆರೆಯೂ ನಡುಗಬೇಕು. ಅವನು ತಪ್ಪು ಬಾರಿಸಿದ ಕಡೆ ಗೆರೆ ಮುರಿದು ಬೀಳುತ್ತಿತ್ತು.

"ಅಮ್ಮಾ, ಇವಳನ್ನ ಆಚೆ ಕಳಿಸು. ನನ್ನ ತಪ್ಪನ್ನೆಲ್ಲ ನೆಲದ ಮೇಲೆ ಬರೀತಾಳೆ!"

"ಬರೀಲಿ ಬಿಡೋ, ಒರೆಸೋಳು ನಾನು ತಾನೇ," ಎಂದು ಅಮ್ಮ ಹೊಲಿಗೆ ಮಿಷನ್ನಿನಿಂದ ತಲೆಯನ್ನೇ ಎತ್ತುತ್ತಿರಲಿಲ್ಲ.

ಅಪ್ಪ ಕಣ್ಣು ಮುಚ್ಚಿದ ಮೇಲೆ ಮನೆಯ ಭಾರ ಅಕ್ಕನ ಹೆಗಲಿಗೆ ಬಂತು. ತಮ್ಮನ ಪಿಟೀಲು ಪಾಠ ನಿಲ್ಲಬಾರದೆಂದು ಅವಳು ಓದನ್ನು ಅರ್ಧಕ್ಕೆ ಬಿಟ್ಟು ಫಿಲ್ಮ್ ಲ್ಯಾಬಿಗೆ ಸೇರಿಕೊಂಡಳು. ಸಿನಿಮಾದವರು ಚಿತ್ರೀಕರಿಸಿ ತಂದ ಫಿಲ್ಮನ್ನು ತೊಳೆದು, ಕತ್ತರಿಸಿ, ಜೋಡಿಸಿ, ಪ್ರತಿ ತೆಗೆದು ಕೊಡುವ ಜಾಗ ಅದು. ಇವಳನ್ನು ಜೋಡಿಸುವ ಕೋಣೆಗೆ ಹಾಕಿದರು. ಕಿಟಕಿಗೆ ಕಪ್ಪು ಬಣ್ಣ ಬಳಿದ ಉದ್ದನೆಯ ಕೋಣೆ, ಹುಳಿ ವಾಸನೆ, ಬೆನ್ನಿಗೆ ಆಸರೆಯಿಲ್ಲದ ಸ್ಟೂಲುಗಳು, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು. ಬಿಳಿ ಬಟ್ಟೆಯ ಕೈಗವಸು ಹಾಕಿಕೊಂಡು ಹೆಂಗಸರು ಸಾಲಾಗಿ ಕೂತು ತುಂಡಿಗೆ ತುಂಡು ಅಂಟಿಸುತ್ತಿದ್ದರು. "ಹೀರೋ ಕೈನ ಹೀರೋಯಿನ್ ಹೆಗಲಿಗೆ ಮುಟ್ಟಿಸೋದು ನಾವೇ ಕಣ್ರೇ, ಅವನೊಬ್ಬನಿಂದ ಎಲ್ಲಾಗುತ್ತೆ?" ಎಂದು ಅಲ್ಲಿನ ಹಿರಿಯಳೊಬ್ಬಳು ದಿನಕ್ಕೊಮ್ಮೆಯಾದರೂ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು.

ಕಸದ ಡಬ್ಬಿಯಲ್ಲಿ ಕಪ್ಪು ಫಿಲ್ಮಿನ ತುಂಡುಗಳು ರಾಶಿ ಬಿದ್ದಿರುತ್ತಿದ್ದವು. ಒಂದು ದಿನ ಊಟದ ಬಿಡುವಿನಲ್ಲಿ ಗೆರೆಯಕ್ಕ ಅಂಥದೊಂದು ತುಂಡನ್ನು ಎತ್ತಿಕೊಂಡು, ಸೆರಗಿನ ಪಿನ್ನು ತೆಗೆದು, ಅದರ ಮೇಲೆ ಗೀಚಿದಳು. ಒಂದೊಂದು ಫ್ರೇಮಿನ ಚೌಕದಲ್ಲೂ ಗೆರೆಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋದಳು. ಪರೀಕ್ಷೆಯ ಯಂತ್ರಕ್ಕೆ ಹಾಕಿ ತಿರುಗಿಸಿದರೆ, ಪುಟ್ಟ ಪರದೆಯ ಮೇಲೆ ಆ ಗೆರೆ ಎದ್ದು ನಡೆಯಿತು! ಮನೆಗೆ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ತಮ್ಮನ ಮುಂದೆ ನಿಂತಳು.

"ಒಂದು ಸ್ವರ ಬಾರಿಸು."

"ಯಾವುದು?"

"ಯಾವುದಾದ್ರೂ ಸರಿ. ಉದ್ದಕ್ಕೆ ಎಳಿ. ಅದು ಹೇಗೆ ನಡೆಯುತ್ತೆ ಅಂತ ನನಗೀಗ ಗೊತ್ತಾಗಿದೆ."

ಹಾಗೆ ಶುರುವಾದ ಕೆಲಸ ಮುಗಿಯಲು ನಾಲ್ಕು ವರ್ಷ ಹಿಡಿಯಿತು. ಆದದ್ದು ಏಳು ನಿಮಿಷದ ಚಿತ್ರ. ಅದರಲ್ಲಿ ಮನುಷ್ಯರಿಲ್ಲ, ಮನೆಯಿಲ್ಲ, ಕಥೆಯಿಲ್ಲ. ಕಪ್ಪಿನಲ್ಲಿ ಒಂದು ನೀಲಿ ಗೆರೆ ಹುಟ್ಟಿ, ಪಿಟೀಲಿನ ಜೊತೆ ಏರಿ, ಎರಡಾಗಿ, ಹತ್ತಾಗಿ, ಕೆಂಪು ಹಳದಿ ಚುಕ್ಕಿಗಳಾಗಿ ಸಿಡಿದು, ಮತ್ತೆ ಒಂದೇ ಗೆರೆಯಾಗಿ ಆರುತ್ತಿತ್ತು. ಮೊದಲರ್ಧವನ್ನು ತಮ್ಮ ಮೊದಲು ಬಾರಿಸಿದ, ಅಕ್ಕ ಟೇಪಿನಲ್ಲಿ ಮತ್ತೆ ಮತ್ತೆ ಕೇಳಿ ಚೌಕ ಚೌಕಕ್ಕೂ ಗೆರೆ ಗೀಚಿ, ಬಣ್ಣ ಹಚ್ಚಿ ಕೂರಿಸಿದಳು. ಉಳಿದರ್ಧವನ್ನು ಅಕ್ಕ ಮೊದಲು ಗೀಚಿದಳು, ತಮ್ಮ ಅದನ್ನು ನೋಡುತ್ತ ಬಾರಿಸಿದ. ಅಲ್ಲಿ ಜಗಳ.

"ನೀನು ಮನಸ್ಸಿಗೆ ಬಂದ ಹಾಗೆ ಗೆರೆ ಎಳೀತೀಯ. ನಾನು ನಾಯಿಮರಿ ಥರ ಅದರ ಹಿಂದೆ ಓಡಬೇಕಾ?"

"ಇಷ್ಟು ದಿನ ನಾನು ಓಡಲಿಲ್ವೇನೋ ನಿನ್ನ ಹಿಂದೆ?"

ಅವನು ಕಮಾನು ಎತ್ತಿಟ್ಟು ಎದ್ದು ಹೋಗುತ್ತಿದ್ದ. ಮಾರನೆಯ ದಿನ ತಾನಾಗಿಯೇ ಬಂದು ಕೂರುತ್ತಿದ್ದ. ಹೀಗೆ ಹಲ್ಲು ಕಚ್ಚಿಕೊಂಡು ಬಾರಿಸಿದ ಆ ಕೊನೆಯ ಭಾಗದಲ್ಲಿ ಪಿಟೀಲು ಅವನು ಅದುವರೆಗೆ ಹೋಗದ ಕಡೆಗೆಲ್ಲ ಹೋಗಿತ್ತು. ಅದು ಅವನಿಗೂ ಗೊತ್ತಿತ್ತು, ಬಾಯಿಬಿಟ್ಟು ಮಾತ್ರ ಹೇಳಲಿಲ್ಲ.

ಲ್ಯಾಬಿನ ಮ್ಯಾನೇಜರು ದೊಡ್ಡ ಮನಸ್ಸು ಮಾಡಿ ಒಂದು ಪ್ರತಿ ತೆಗೆದುಕೊಳ್ಳಲು ಬಿಟ್ಟ. ಆ ಕಾಲದ ಫಿಲ್ಮಿನಲ್ಲಿ ಸದ್ದು ಬೇರೆಲ್ಲೂ ಇರುತ್ತಿರಲಿಲ್ಲ. ಚಿತ್ರದ ಪಕ್ಕದಲ್ಲೇ, ಅಂಚಿನಲ್ಲಿ, ಗರಗಸದ ಹಲ್ಲಿನಂಥ ಸಣ್ಣ ಪಟ್ಟಿಯಾಗಿ ಅಚ್ಚಾಗಿರುತ್ತಿತ್ತು. ದೀಪದ ಬೆಳಕು ಅದನ್ನು ಹಾದು ಹೋದರೆ ಅದೇ ಮಾತು, ಅದೇ ಹಾಡು. ಗೆರೆಯಕ್ಕ ಆ ಪ್ರತಿಯನ್ನು ಗಾಜಿನ ಮೇಜಿನ ಮೇಲೆ ಹಾಸಿ ತಮ್ಮನಿಗೆ ತೋರಿಸಿದಳು. "ನೋಡು, ನಿನ್ನ ಪಿಟೀಲೂ ಗೆರೆಯೇ. ನನ್ನದರ ಪಕ್ಕದಲ್ಲೇ ಕೂತಿದೆ."

ಗ್ರಂಥಾಲಯದ ಮಹಡಿಯ ಸಣ್ಣ ಹಾಲಿನಲ್ಲಿ ಅದನ್ನು ಮೊದಲ ಸಲ ತೋರಿಸಿದರು. ಬಂದವರು ಬೆರಳೆಣಿಕೆಯ ಜನ, ಅವರಲ್ಲೂ ಅರ್ಧ ಅಂಟಿಸುವ ಕೋಣೆಯ ಹೆಂಗಸರೇ. ಚಿತ್ರ ಮುಗಿದ ಮೇಲೆ ಯಾರೂ ಎದ್ದೇಳಲಿಲ್ಲ. ಹಾಲಿನ ಕಾವಲುಗಾರ ಬೀಗದ ಕೈ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡಿದ್ದ. "ಏನು ಅಂತ ನನಗೆ ಅರ್ಥ ಆಗ್ಲಿಲ್ಲಮ್ಮ," ಎಂದ. "ಆದ್ರೆ ಇನ್ನೊಂದ್ಸಲ ಹಾಕೋದಾದ್ರೆ ನಾನು ಬೀಗ ಹಾಕಲ್ಲ." ಇನ್ನೊಂದು ಸಲ ಹಾಕಿದರು. ಅಕ್ಕ ತಮ್ಮ ಇಬ್ಬರೂ ಬಸ್ಸಿಗೆ ಕಾಯದೆ ಮಾತಾಡುತ್ತ ಮನೆಯವರೆಗೂ ನಡೆದರು.

ಆಮೇಲೆ ತಮ್ಮನಿಗೆ ಮದುವೆಯಾಯಿತು. ಸಂಸಾರ ಅಂದ ಮೇಲೆ ಏಳು ನಿಮಿಷದ ಗೆರೆಯಿಂದ ಹೊಟ್ಟೆ ತುಂಬುತ್ತದೆಯೇ? ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಬಾರಿಸಲು ಹೋದ. ಕರೆದಾಗ ಹೋಗಬೇಕು, ಹೇಳಿದ್ದನ್ನು ಬಾರಿಸಬೇಕು, ಬೇಗ ಮುಗಿಸಬೇಕು. ಬರುಬರುತ್ತ ಜಾಹೀರಾತಿಗೆ ಮಟ್ಟು ಹಾಕಿಕೊಡುವ ಕೆಲಸವೂ ಅವನಿಗೇ ಬಂತು.

ಒಂದು ಮಧ್ಯಾಹ್ನ ಗೆರೆಯಕ್ಕ ಲ್ಯಾಬಿನ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದಳು. ಗೋಡೆಯ ಮೂಲೆಯಲ್ಲಿ ಟಿವಿ ತನ್ನ ಪಾಡಿಗೆ ತಾನು ಒದರುತ್ತಿತ್ತು. ಇದ್ದಕ್ಕಿದ್ದಂತೆ ಪಿಟೀಲು ಕೇಳಿಸಿತು. ಕಣ್ಣೆದುರು ಕಪ್ಪಿನಲ್ಲಿ ನೀಲಿ ಗೆರೆ ಏಳುವ ಮೊದಲೇ ಕತ್ತು ತಾನಾಗಿ ಟಿವಿಯ ಕಡೆ ತಿರುಗಿತು. ಅಲ್ಲಿದ್ದದ್ದು ಹಾಸಿಗೆ. ದಪ್ಪನೆಯ ಬಿಳಿ ಹಾಸಿಗೆಯ ಮೇಲೆ ಒಬ್ಬ ಡೊಳ್ಳುಹೊಟ್ಟೆಯವನು ನಿಧಾನವಾಗಿ ಮಲಗುತ್ತಿದ್ದ. ಗೆರೆ ಏರುವ ಕಡೆ ಅವನ ಹೊಟ್ಟೆ ಏರಿತು, ಗೆರೆ ಇಳಿಯುವ ಕಡೆ ಇಳಿಯಿತು. ಕೊನೆಯಲ್ಲಿ ದಪ್ಪ ದನಿಯೊಂದು ಹಾಸಿಗೆಯ ಹೆಸರು ಹೇಳಿತು. ಕ್ಯಾಂಟೀನಿನವರೆಲ್ಲ ಗೊಳ್ಳೆಂದು ನಕ್ಕರು.

ಅವತ್ತು ಸಂಜೆ ಅವಳು ನೇರವಾಗಿ ತಮ್ಮನ ಮನೆಗೆ ಹೋದಳು. ಒಳಗೂ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ಹಾಸಿಗೆಗಾ?"

"ಓ, ನೋಡಿದ್ಯಾ?" ತಮ್ಮ ಮೊದಲು ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. "ಅಕ್ಕ, ಅವತ್ತು ಕೊಡಲೇಬೇಕಿತ್ತು. ತಲೆಗೆ ಏನೂ ಹೊಳೀಲಿಲ್ಲ. ಮೊದಲಿನ ಅರ್ಧ ನಿಮಿಷ ಅಷ್ಟೇ."

"ಅರ್ಧ ನಿಮಿಷ ಅಷ್ಟೇ."

"ಟ್ಯೂನ್ ನಂದೇ ತಾನೆ?"

"ನಿಂದೇ. ಗೆರೆ ನಂದು. ಎರಡೂ ಕೂಡಿ ಆಗಿದ್ದು ಯಾರದಪ್ಪ? ಅದನ್ನ ಯಾರನ್ನ ಕೇಳಿ ಕೊಟ್ಟೆ?"

ಅವನಿಗೂ ಸಿಟ್ಟು ನೆತ್ತಿಗೇರಿತು. "ಯಾರನ್ನ ಕೇಳಬೇಕಿತ್ತು? ಆ ಚಿತ್ರ ನೋಡಿದೋರು ಎಷ್ಟು ಜನ? ಲೈಬ್ರರಿ ಕಾವಲುಗಾರ ಒಬ್ಬ, ನಿನ್ನ ಲ್ಯಾಬಿನ ಹೆಂಗಸರು ನಾಲ್ಕು ಜನ. ಇವತ್ತು ಊರೆಲ್ಲ ಅದನ್ನ ಗುನುಗ್ತಿದೆ. ನಿನಗೆ ಸಂತೋಷ ಆಗಬೇಕು."

ಅವಳು ಮೆಟ್ಟಿಲಿಳಿದಳು. ತಮ್ಮನ ಹೆಂಡತಿ, "ಅಕ್ಕಾ, ಟೀ ಆದ್ರೂ ಕುಡ್ಕೊಂಡು ಹೋಗಿ," ಎಂದು ಹಿಂದೆ ಬಂದದ್ದು ಕೇಳಿಸಲೇ ಇಲ್ಲ.

ವಾರ ಕಳೆಯುವುದರೊಳಗೆ ಇಬ್ಬರು ಆಳುಗಳು ಅವಳ ಮನೆಗೆ ಒಂದು ಹಾಸಿಗೆ ಹೊತ್ತು ತಂದರು. ಕಂಪನಿಯವರು ತಮ್ಮನಿಗೆ ಎರಡು ಕೊಟ್ಟಿದ್ದರಂತೆ, ಅದರಲ್ಲಿ ಒಂದನ್ನು ಅವನು ಅಕ್ಕನಿಗೆ ಕಳಿಸಿದ್ದ. ಅವನ ಮನಸ್ಸಿನಲ್ಲಿ ಅದು ರಾಜಿ. ಅವಳ ಮನಸ್ಸಿನಲ್ಲಿ ಏನೆಂದು ಹೇಳುವುದು ಬೇಡ. ಬಹಳ ದಿನ ಅದನ್ನು ಪ್ಲಾಸ್ಟಿಕ್ ಕೂಡ ಬಿಚ್ಚದೆ ಗೋಡೆಗೆ ಒರಗಿಸಿ ಇಟ್ಟಿದ್ದಳು. ಆದರೆ ಲ್ಯಾಬಿನ ಆ ಸ್ಟೂಲಿನ ಮೇಲೆ ಕೂತು ಕೂತು ಬೆನ್ನು ಹಾಳಾಗಿತ್ತು, ನೆಲದ ಮೇಲೆ ಮಲಗಬೇಡಿ ಎಂದು ಡಾಕ್ಟರು ಹೇಳಿದ್ದರು. ಕೊನೆಗೆ ಬಿಚ್ಚಿ ಮಲಗಿದಳು. ಹಾಸಿಗೆ ತುಂಬ ಚೆನ್ನಾಗಿತ್ತು. ಅದೇ ಅವಳಿಗೆ ಇನ್ನಷ್ಟು ಹೊಟ್ಟೆ ಉರಿಸಿತು.

ಜಾಹೀರಾತು ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಮಕ್ಕಳು ಒಬ್ಬರ ಹೊಟ್ಟೆ ಒಬ್ಬರು ಒತ್ತುವ ಆಟಕ್ಕೆ ಆ ಮಟ್ಟನ್ನು ಹಾಡಿಕೊಂಡರು. ಆ ನಡುವೆ ಲ್ಯಾಬು ಮುಚ್ಚಿತು. ಫಿಲ್ಮನ್ನೇ ಕೇಳುವವರಿಲ್ಲದ ಮೇಲೆ ಜೋಡಿಸುವವರು ಯಾರಿಗೆ ಬೇಕು? ಗೋದಾಮಿನಲ್ಲಿದ್ದ ನೆಗೆಟಿವ್‌ಗಳನ್ನೆಲ್ಲ ಅವುಗಳೊಳಗಿನ ಬೆಳ್ಳಿಗಾಗಿ ಲಾರಿಗೆ ತುಂಬಿ ತೂಕಕ್ಕೆ ಹಾಕಿದರು. ಅಕ್ಕ ತಮ್ಮನ ಚಿತ್ರದ ಪ್ರತಿಗೆ ಪಿಟೀಲನ್ನು ಅಚ್ಚೊತ್ತಿದ ಸದ್ದಿನ ನೆಗೆಟಿವ್ ಕೂಡ ಆ ಲಾರಿಯಲ್ಲೇ ಹೋಯಿತು. ಕೈಯಲ್ಲಿ ಗೀಚಿದ ಮೂಲ ಫಿಲ್ಮಿನ ಬಣ್ಣ ಯಾವತ್ತೋ ಹಕ್ಕಳೆ ಎದ್ದು ಉದುರಿತ್ತು. ಉಳಿದದ್ದು ಅವಳ ಕಪಾಟಿನ ತಗಡಿನ ಡಬ್ಬಿಯೊಳಗಿನ ಒಂದೇ ಪ್ರತಿ. ಅವಳು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲೇಬಲ್ ಕತ್ತರಿಸುವ ಕೆಲಸ ಹಿಡಿದಳು.

ಹೀಗಿರುವಾಗ ಸಿನಿಮಾ ಕಲಿಸುವ ಕಾಲೇಜೊಂದರಿಂದ ಕರೆ ಬಂತು. ಕಥೆಯಿಲ್ಲದ, ಬರೀ ಬಣ್ಣ ಮತ್ತು ಸದ್ದಿನ ಹಳೆಯ ಚಿತ್ರಗಳನ್ನು ತೋರಿಸುತ್ತಿದ್ದೇವೆ, ನಿಮ್ಮದೂ ಬೇಕು ಎಂದರು. ಯಾರ ಬಾಯಿಂದ ಅವರಿಗೆ ಸುದ್ದಿ ಹೋಯಿತೋ. ಅವಳು ಒಳ್ಳೆಯ ಸೀರೆ ಉಟ್ಟು ಹೋದಳು. ತುಂಬಿದ ಹಾಲು. ದೀಪ ಆರಿತು. ಕಪ್ಪಿನಲ್ಲಿ ನೀಲಿ ಗೆರೆ ಹುಟ್ಟಿತು, ಪಿಟೀಲು ಎದ್ದಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬ ದನಿ ದಪ್ಪ ಮಾಡಿ ಹಾಸಿಗೆಯ ಹೆಸರು ಹೇಳಿದ. ಅಷ್ಟೇ ಸಾಕಾಯಿತು, ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಆ ನಗು ನಿಲ್ಲುವಷ್ಟರಲ್ಲಿ ಗೆರೆಗಳು ಹತ್ತಾಗಿ, ಚುಕ್ಕಿಯಾಗಿ, ಅರ್ಧ ದಾರಿ ಮುಗಿದಿತ್ತು. ತಮ್ಮ ಹಲ್ಲು ಕಚ್ಚಿ ಬಾರಿಸಿದ ಕೊನೆಯ ಭಾಗ ಬಂದಾಗಲೂ ಅಲ್ಲೊಬ್ಬ ಇಲ್ಲೊಬ್ಬ ಮುಸಿಮುಸಿ ನಗುತ್ತಲೇ ಇದ್ದ. ಕರೆಸಿದ ಮೇಷ್ಟ್ರು ಮುಖ ಚಿಕ್ಕದು ಮಾಡಿಕೊಂಡು ಕ್ಷಮೆ ಕೇಳಿದರು. "ಮಕ್ಕಳದೇನು ತಪ್ಪು ಸರ್," ಎಂದಳು ಅವಳು. "ಹೊಟ್ಟೆ ನೋಡಿ ಬೆಳೆದೋರಿಗೆ ಗೆರೆ ಹೇಗೆ ಕಾಣ್ಬೇಕು?"

ಇನ್ನೊಂದು ಕಡೆ ಕರೆದಾಗ ಅವಳು ಮೊದಲೇ ಹೇಳಿಬಿಟ್ಟಳು, ಸದ್ದು ಬೇಡ, ಬರೀ ಚಿತ್ರ ಹಾಕಿ ಎಂದು. ಪ್ರೊಜೆಕ್ಟರ್ ನಡೆಸುವವನು ತಲೆಯಾಡಿಸಿದ. ಆದರೆ ಚಿತ್ರ ಶುರುವಾಗಿ ಹಾಲು ಗಪ್‌ಚಿಪ್ ಆದದ್ದೇ ಅವನಿಗೆ ಗಾಬರಿ, ಎಲ್ಲಿ ತನ್ನ ಮೇಲೆ ಬರುತ್ತದೋ ಎಂದು. ಸೌಂಡಿನ ಗುಂಡಿ ತಿರುಗಿಸಿಯೇ ಬಿಟ್ಟ. ಮತ್ತೆ ಅದೇ ಕಿಸಕ್, ಅದೇ ನಗು.

"ಬೇಡ ಅಂದಿದ್ದೆನಲ್ಲಪ್ಪ?"

"ಸೌಂಡ್ ಇಲ್ದೆ ಜನ ಏನಂತ ನೋಡ್ತಾರೆ ಮೇಡಂ? ಸದ್ಯ, ನಾನಿದ್ದಿದ್ದಕ್ಕೆ ನಕ್ಕರಾದ್ರೂ."

ಮುಂದಿನ ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹಳೆಯ ಕೈಗವಸು ಹಾಕಿಕೊಂಡು, ಡಬ್ಬಿ ತೆರೆದಳು. ಸಣ್ಣ ಕುಂಚ, ಕಪ್ಪು ಇಂಕು. ಲ್ಯಾಬಿನಲ್ಲಿ ಬಳಸುತ್ತಿದ್ದ, ಎಂದೂ ಅಳಿಸದ ಇಂಕು ಅದು. ಫಿಲ್ಮನ್ನು ಗೇಣು ಗೇಣಾಗಿ ಬಿಚ್ಚುತ್ತ ಅಂಚಿನ ಪಟ್ಟಿಯ ಮೇಲೆ ಬಳಿಯುತ್ತ ಹೋದಳು. ಗರಗಸದ ಹಲ್ಲುಗಳು ಒಂದೊಂದಾಗಿ ಮುಳುಗಿದವು. ಚಿತ್ರದ ಮೇಲೆ ಒಂದು ಹನಿಯೂ ತಾಗಲಿಲ್ಲ, ಅಷ್ಟು ಪಳಗಿದ ಕೈ. ಪಿಟೀಲು ಅತಿ ಮೇಲೆ ಏರುವ ಜಾಗಕ್ಕೆ ಬಂದಾಗ ಒಂದು ಗಳಿಗೆ ಕುಂಚ ನಿಂತಿತು. 'ಟೇಪು ಅವನ ಹತ್ತಿರ ಇದ್ದೇ ಇದೆಯಲ್ಲ, ಬೇಕಾದರೆ ಕೇಳಿಕೊಳ್ಳಲಿ' ಎಂದುಕೊಂಡಳು. ಮುಂದುವರಿಸಿದಳು. ಸಂಜೆಯ ಹೊತ್ತಿಗೆ ಏಳು ನಿಮಿಷವೂ ಮೂಕವಾಗಿತ್ತು.

ತಮ್ಮ ಬಂದದ್ದು ಅದಾದ ಎಷ್ಟೋ ತಿಂಗಳ ಮೇಲೆ, ಫೋನೂ ಮಾಡದೆ. ಮುಖ ಬತ್ತಿತ್ತು. ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಒಳಕ್ಕೆ ಮಡಚಿಕೊಂಡಿದ್ದವು. ನರದ ತೊಂದರೆ, ಆಪರೇಷನ್ ಮಾಡಿದರೂ ತಂತಿಯ ಮೇಲೆ ಕೂರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಸ್ಟುಡಿಯೋದವರು ಕರೆಯುವುದನ್ನು ನಿಲ್ಲಿಸಿದ್ದರು.

ಅವನು ಬಹಳ ಹೊತ್ತು ಅದೂ ಇದೂ ಮಾತಾಡಿದ. ಆಮೇಲೆ ತಲೆ ತಗ್ಗಿಸಿ, "ಅಕ್ಕ, ಆ ಚಿತ್ರ ಒಂದ್ಸಲ ಹಾಕಿಸ್ತೀಯಾ? ಪೂರ್ತಿ ಕೇಳಬೇಕು ಅನಿಸ್ತಿದೆ," ಎಂದ. "ಕೊನೇ ಭಾಗ. ನೀನು ಗೆರೆ ಎಳೆದು ನನ್ನನ್ನ ಓಡಿಸಿದ್ಯಲ್ಲ, ಅದು. ಜೀವಮಾನದಲ್ಲಿ ನಾನು ಬಾರಿಸಿದ್ದರಲ್ಲಿ ಅದೊಂದೇ ಕಣೇ."

ಗೆರೆಯಕ್ಕ ಕಪಾಟಿನ ಕಡೆ ನೋಡಿದಳು. "ಟೇಪು ನಿನ್ನ ಹತ್ರ ಇದೆಯಲ್ಲೋ."

"ಎಲ್ಲಿಂದ ಬರ್ಬೇಕು? ಅದರ ಮೇಲೆ ಯಾವತ್ತೋ ಸೋಪಿನ ಜಾಹೀರಾತು ರೆಕಾರ್ಡ್ ಮಾಡ್ಬಿಟ್ಟೆ. ಹೇಗೂ ಫಿಲ್ಮು ನಿನ್ನ ಹತ್ರ ಜೋಪಾನವಾಗಿರುತ್ತೆ ಅಂತ."

ಅವಳು ಎದ್ದಳು. ಡಬ್ಬಿ ತಂದು, ಫಿಲ್ಮಿನ ತುದಿ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದಳು. ನೀಲಿ ಗೆರೆ ಚೌಕ ಚೌಕದಲ್ಲಿ ಹೊಳೆಯುತ್ತಿತ್ತು. ಪಕ್ಕದ ಅಂಚು ಕಾಡಿಗೆ ಕಪ್ಪು. ತಮ್ಮ ಮೊದಲು ಅರ್ಥವಾಗದೆ ನೋಡಿದ. ಬೆರಳಿನಿಂದ ಸವರಿದ, ಉಗುರಿನಿಂದ ಕೆರೆದ. ಕಪ್ಪಿನ ಜೊತೆ ಅದರ ಕೆಳಗಿನ ಪದರವೂ ಎದ್ದು ಬಂದು ಬೆರಳಿಗೆ ಅಂಟಿತು.

"ಪೂರ್ತಿನಾ?"

"ಪೂರ್ತಿ."

"ಹಾಸಿಗೆಗೋಸ್ಕರ."

"ನೀನು ಕೊಟ್ಟಿದ್ದೂ ಹಾಸಿಗೆಗೋಸ್ಕರವೇ ಅಲ್ವಾ?" ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಫಲ?

ಅವನು ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಜೇಬಿನಿಂದ ಮೊಬೈಲ್ ತೆಗೆದು ಆ ಜಾಹೀರಾತನ್ನು ಹುಡುಕಿದ, ಯಾರೋ ಹಳೆಯ ನೆನಪೆಂದು ಹಾಕಿಟ್ಟಿದ್ದರು. ಇಬ್ಬರೂ ಕೂತು ಕೇಳಿದರು. ಅರ್ಧ ನಿಮಿಷ ಪಿಟೀಲು, ಆಮೇಲೆ ದಪ್ಪ ದನಿ. ಅದರಾಚೆ ಏನಿತ್ತೆಂದು ಅವನು ಗುನುಗಲು ನೋಡಿದ. ಎರಡು ಸಲ ಶುರು ಮಾಡಿದ, ಎರಡು ಸಲವೂ ಮಟ್ಟು ಹಾಸಿಗೆಯ ಹೆಸರಿಗೇ ಹೋಗಿ ನಿಂತಿತು. "ಬಿಡು," ಎಂದು ಎದ್ದು ಹೋದ. ಅವಳು ಕಿಟಕಿಯಿಂದ ನೋಡಿದಳು. ಅವನು ಹೋಗಿ ಬಸ್ ಸ್ಟಾಪಿನಲ್ಲಿ ನಿಂತ, ಬಂದ ಬಸ್ಸನ್ನು ಹತ್ತದೆ ಇನ್ನೊಂದಕ್ಕೆ ಕಾದ.

ಮೂಕ ಚಿತ್ರವನ್ನು ಆಮೇಲೆ ಒಬ್ಬಳು ಕೇಳಿಕೊಂಡು ಬಂದಳು. ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವವಳು. ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತನ್ನ ಸದ್ದು ಸೇರಿಸುತ್ತೇನೆ ಎಂದಳು. ಗೆರೆಯಕ್ಕ ಒಪ್ಪಿದಳು. ಇನ್ನು ಕಾಪಾಡಲು ಏನು ಉಳಿದಿತ್ತು? ಆ ಹುಡುಗಿ ಸೇರಿಸಿದ್ದು ಗಾಜು ಒಡೆದಂಥ, ಗಾಳಿ ಊದಿದಂಥ ಸದ್ದುಗಳನ್ನು. ಗೆರೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ತೋರಿಸಿದ ದಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಗೆರೆಯಕ್ಕನ ಕೈ ಹಿಡಿದುಕೊಂಡು, "ಒಂದೊಂದು ಸದ್ದಿಗೂ ಒಂದೊಂದು ಗೆರೆ ಎಷ್ಟು ಕರೆಕ್ಟಾಗಿ ಕೂರಿಸಿದ್ದೀರಿ! ಎಷ್ಟು ವರ್ಷ ಹಿಡೀತು?" ಎಂದಳು.

"ಸದ್ದು ಹೋದ ತಿಂಗಳು ಮಾಡಿದ್ದಮ್ಮ," ಎಂದಳು ಗೆರೆಯಕ್ಕ. "ಗೆರೆ ಆ ಸಂಗೀತ ಮಾಡಿದ ಹುಡುಗಿ ಹುಟ್ಟೋಕೆ ಮುಂಚಿನದು. ಕರೆಕ್ಟಾಗಿ ಕೂತಿದ್ರೆ ಅದು ನಿಮ್ಮ ಕಣ್ಣಿನ ಒಳ್ಳೇತನ."

ಆ ಹೆಂಗಸು ಅದನ್ನು ತಮಾಷೆಯೆಂದು ತಿಳಿದು ನಕ್ಕಳು. ಗೆರೆಯಕ್ಕನಿಗೆ ಮಾತ್ರ ಆ ಸಂಜೆ ನೆಲ ಕುಸಿದಂತಾಯಿತು. ಕೂದಲೆಳೆಯಷ್ಟು ಸರಿಸಿ, ಅಳಿಸಿ, ಮತ್ತೆ ಸರಿಸಿ, ನಾಲ್ಕು ವರ್ಷ ತಮ್ಮನ ಜೊತೆ ಕಿತ್ತಾಡಿ ಕೂರಿಸಿದ್ದಕ್ಕೆ ಇಷ್ಟೇನಾ ಬೆಲೆ? ಹತ್ತಿರ ಹತ್ತಿರ ಇಟ್ಟರೆ ಸಾಕು, ಯಾವ ಸದ್ದು ಯಾವ ಗೆರೆಗಾದರೂ ಕೂತುಬಿಡುತ್ತದೆ. ಹೊಟ್ಟೆಗೂ ಕೂತಿತ್ತು, ಗಾಜಿಗೂ ಕೂತಿತು.

ಚಿತ್ರ ಊರೂರಿಗೆ ಹೋಗತೊಡಗಿತು. ಮೊದಲ ಚೌಕಗಳಲ್ಲಿ ಎರಡು ಹೆಸರು, ಗೆರೆಗಳು ಇವಳದು, ಸಂಗೀತ ಆ ಕಂಪ್ಯೂಟರಿನವಳದು. ಗೆರೆಯಕ್ಕ ತಮ್ಮನಿಗೆ ಫೋನು ಮಾಡಿದಳು. "ನಿನ್ನ ಹೆಸರೂ ಹಾಕಿಸ್ತೀನಿ ಕಣೋ. ಈ ಗೆರೆ ಇಂಥವನ ಪಿಟೀಲಿಗೆ ಎಳೆದದ್ದು ಅಂತ ಒಂದು ಸಾಲು."

"ಎಲ್ಲಿದೆ ಪಿಟೀಲು?"

"ಇಲ್ಲ. ಆದ್ರೂ..."

"ಕೇಳಿಸದೇ ಇರೋದಕ್ಕೆ ಹೆಸರು ಯಾಕೆ ಅಕ್ಕ? ಜನ ಹುಡುಕ್ತಾರೆ, ಸಿಗೋದು ಆ ಡೊಳ್ಳುಹೊಟ್ಟೆ. ಬೇಡ." ಆಮೇಲೆ, "ನಿನ್ನ ಬೆನ್ನು ಹೇಗಿದೆ?" ಎಂದು ಕೇಳಿದ.

ಆ ಹೆಸರು ಬೀಳಲಿಲ್ಲ. ಗೆರೆಯಕ್ಕ ಪ್ರದರ್ಶನಗಳಿಗೆ ಹೋಗುವುದನ್ನು ಬಿಟ್ಟಳು. ಯಾರಾದರೂ ಬಂದು ಹೊಸದೇನು ಎಳೆಯುತ್ತಿದ್ದೀರಿ ಎಂದರೆ, ಲೇಬಲ್ ಕತ್ತರಿಸುತ್ತಿದ್ದೇನೆ ಎನ್ನುತ್ತಾಳೆ. ತಮ್ಮ ಈಗ ಮನೆಯಲ್ಲಿ ನಾಲ್ಕು ಜನರಿಗೆ ಪಾಠ ಹೇಳುತ್ತಾನೆ, ತಾನು ಬಾರಿಸದೆ ಬಾಯಲ್ಲಿ ಹೇಳಿಕೊಡುತ್ತಾನೆ. ಭಾನುವಾರ ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ. ಹಲ್ಲುನೋವು, ಬಿಪಿ ಮಾತ್ರೆ, ನೀರು ಬಾರದ ಪೈಪು, ತಮ್ಮನ ಹೆಂಡತಿಯ ಮಂಡಿ. ಅಷ್ಟರಲ್ಲಿ ಮಾತು ಮುಗಿಯುತ್ತದೆ, ಇಬ್ಬರಲ್ಲಿ ಯಾರಾದರೊಬ್ಬರು "ಸರಿ, ಇಡ್ಲಾ?" ಅನ್ನುತ್ತಾರೆ.